ಇಟ್ಟಿಗೆ ಕಲ್ಲಿಗೆ ಹೆಸರಿಟ್ಟವರು: ಫ್ರಾನ್ಸಿಸ್ ಬುಕಾನನ್ ಮತ್ತು ಮೈಸೂರು ಸೀಮೆಯ ರೈತರು



ಕರಾವಳಿ ಮತ್ತು ಮಲೆನಾಡಿನ ಮಣ್ಣನ್ನು ಕುರಿತು ತಿಳಿಸುವಾಗ ನಾವು ‘ಲ್ಯಾಟರೈಟ್’ ಎಂಬ ಪದವನ್ನು ಬಳಸುತ್ತೇವೆ. ನಿಮ್ಮ ಕೃಷಿ ಹೊಂಡಕ್ಕೆ ಮೀನುಮರಿ ಬಿಡುವಾಗ ಕಾಟ್ಲಾ, ರೋಹು, ಮೃಗಾಲ್ ಎಂಬ ಹೆಸರುಗಳನ್ನು ಕೇಳಿರುತ್ತೀರಿ. ಆ ಕಲ್ಲಿಗೆ ವಿಜ್ಞಾನದ ಹೆಸರಿಟ್ಟವರೂ ಈ ಮೂರು ಮೀನುಗಳನ್ನು ವೈಜ್ಞಾನಿಕವಾಗಿ ವರ್ಣಿಸಿ ಹೆಸರಿಸಿದವರೂ ಒಬ್ಬರೇ ಎಂಬುದು ಹಲವರಿಗೆ ತಿಳಿದಿರಲಾರದು. ಅವರು ಸ್ಕಾಟ್ಲೆಂಡಿನ ವೈದ್ಯ ಹಾಗೂ ನಿಸರ್ಗ ವಿಜ್ಞಾನಿ ಫ್ರಾನ್ಸಿಸ್ ಬುಕಾನನ್. 1800ರಲ್ಲಿ ಅವರು ಮೈಸೂರು ಸೀಮೆಯ ಹೊಲಗದ್ದೆಗಳಲ್ಲಿ ಸಂಚರಿಸಿ, ನಮ್ಮ ಪೂರ್ವಿಕರು ಕೂರಿಗೆ ಹೂಡುವ ಬಗೆ, ನಾಲೆಯ ನೀರು ಹಂಚುವ ಕ್ರಮ, ಮಣ್ಣನ್ನು ಗುರುತಿಸುವ ರೀತಿ ಇವೆಲ್ಲವನ್ನೂ ಬರೆದಿಟ್ಟರು.

ಅವರ ಬದುಕನ್ನು ಇಲ್ಲಿ ನಿಮ್ಮ ಮುಂದಿಡಲು ಒಂದು ಕಾರಣವಿದೆ. ಮಣ್ಣು, ನೀರು, ಬೆಳೆ, ಕಾಡು ಇವುಗಳ ಕುರಿತ ತಿಳಿವಳಿಕೆ ಮೊದಲು ಯಾರಲ್ಲಿ ಇತ್ತು, ಅದು ಪುಸ್ತಕಕ್ಕೆ ಹೇಗೆ ಬಂತು, ಬರುವಾಗ ಏನು ಉಳಿಯಿತು, ಏನು ಕಳೆದುಹೋಯಿತು ಎಂಬುದನ್ನು ಅವರ ಬದುಕು ಸ್ಪಷ್ಟವಾಗಿ ತೋರಿಸುತ್ತದೆ. ಇಂದು ಹೊಲಕ್ಕೆ ಬಂದು ಪ್ರಶ್ನೆ ಕೇಳುವವರಿಗೂ, ಆ ಪ್ರಶ್ನೆಗೆ ಉತ್ತರ ಕೊಡುವವರಿಗೂ ಇದು ಸಂಬಂಧಿಸಿದ ವಿಷಯ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬುಕಾನನ್ ಅವರು 1762ರ ಫೆಬ್ರವರಿ 15ರಂದು ಸ್ಕಾಟ್ಲೆಂಡಿನ ಪರ್ತ್‌ಶೈರ್ ಪ್ರಾಂತದ ಕ್ಯಾಲೆಂಡರ್ ಎಂಬ ಊರಿನ ಬಳಿ ಜನಿಸಿದರು. ತಾಯಿಯ ಮನೆತನ ಹ್ಯಾಮಿಲ್ಟನ್. ಕಿರಿಯ ಮಗನಾದುದರಿಂದ ಮನೆತನದ ಆಸ್ತಿಯನ್ನು ನೆಚ್ಚಿ ಕೂರುವಂತಿರಲಿಲ್ಲ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿ 1783ರಲ್ಲಿ ಪದವಿ ಪಡೆದರು. ಅಂದಿನ ವೈದ್ಯರಿಗೆ ಔಷಧಿ ಸಸ್ಯಗಳ ಪರಿಚಯ ಅಗತ್ಯವಾಗಿತ್ತು. ಅಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಾನ್ ಹೋಪ್ ಅವರ ಪಾಠ ಯುವಕನ ಮನಸ್ಸನ್ನು ಗಿಡಮರಗಳತ್ತ ತಿರುಗಿಸಿತು. ಜೀವನಪೂರ್ತಿ ಅವರು ಹೊಟ್ಟೆಪಾಡಿಗೆ ವೈದ್ಯರಾಗಿದ್ದು, ಆಸಕ್ತಿಯಿಂದ ನಿಸರ್ಗ ವಿಜ್ಞಾನಿಯಾಗಿದ್ದರು.

ಕೆಲವು ವರ್ಷ ಹಡಗುಗಳಲ್ಲಿ ವೈದ್ಯರಾಗಿ ದುಡಿದ ಬಳಿಕ, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಗೆ ಸೇರಿದರು. ಮರುವರ್ಷ ಬರ್ಮಾ ದೇಶದ ಆವಾ ಆಸ್ಥಾನಕ್ಕೆ ಹೋದ ರಾಯಭಾರಿಗಳ ತಂಡದಲ್ಲಿ ಅವರಿದ್ದರು. 1798ರಲ್ಲಿ ಚಿತ್ತಗಾಂಗ್ ಪ್ರದೇಶದಲ್ಲಿ ಸಾಂಬಾರ ಬೆಳೆಗಳಿಗೆ ತಕ್ಕ ಭೂಮಿಯನ್ನು ಹುಡುಕುವ ಕೆಲಸ ಅವರ ಪಾಲಿಗೆ ಬಂತು. ಕಾಲ್ನಡಿಗೆ, ಕುದುರೆ, ದೋಣಿ ಯಾವುದಾದರೂ ಸರಿ, ದಿನದ ಪಯಣ ಮುಗಿದೊಡನೆ ಅಂದು ಕಂಡುದನ್ನು ಅಂದೇ ಬರೆದಿಡುವ ಶಿಸ್ತು ಆ ಪಯಣಗಳಲ್ಲಿ ಬಲಿಯಿತು. ಮುಂದೆ ಮೈಸೂರಿನಲ್ಲಿ ಅದೇ ಶಿಸ್ತು ಅವರ ಕೈಹಿಡಿಯಿತು.

ಸಮೀಕ್ಷೆಯ ಆದೇಶ

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಯಿತು, ಟಿಪ್ಪು ಸುಲ್ತಾನ್ ಮಡಿದರು. ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರನ್ನು ಮೈಸೂರಿನಲ್ಲಿ ಪಟ್ಟಕ್ಕೆ ಕೂರಿಸಲಾಯಿತು. ಪೂರ್ಣಯ್ಯನವರು ದಿವಾನರಾಗಿ ಆಡಳಿತ ವಹಿಸಿಕೊಂಡರು. ಕೆನರಾ, ಕೊಯಮತ್ತೂರು ಮೊದಲಾದ ಸೀಮೆಗಳು ಕಂಪನಿಯ ವಶವಾದವು. ಗೆದ್ದುಕೊಂಡ ನಾಡಿನಲ್ಲಿ ಏನಿದೆ ಎಂಬುದು ಕಂಪನಿಗೆ ತಿಳಿಯಬೇಕಾಗಿತ್ತು. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಕೆಲಸಕ್ಕೆ ಬುಕಾನನ್ ಅವರನ್ನು ನೇಮಿಸಿದರು.

ಆದೇಶದಲ್ಲಿ ಕೃಷಿಗೇ ಮೊದಲ ಸ್ಥಾನವಿತ್ತು. ಯಾವ ಬೆಳೆ, ಯಾವ ನೀರಾವರಿ, ಯಾವ ದನ, ಎಷ್ಟು ಹಿಡುವಳಿ ಎಂಬುದನ್ನೆಲ್ಲ ತಿಳಿಯಬೇಕಿತ್ತು. ಹತ್ತಿ, ಮೆಣಸು, ಏಲಕ್ಕಿ, ಶ್ರೀಗಂಧ ಇವುಗಳ ಸ್ಥಿತಿ, ಗಣಿಗಳು, ಕಲ್ಲುಗಳು, ಕೈಕಸುಬುಗಳು, ಹವೆ, ಜನಜೀವನ ಇವೂ ಸೇರಿದ್ದವು. ಈ ಕುತೂಹಲ ರೈತನ ಹಿತಕ್ಕಾಗಿ ಮಾತ್ರ ಇರಲಿಲ್ಲ ಎಂಬುದನ್ನು ನಾವು ಮರೆಯಬಾರದು. ವ್ಯಾಪಾರಕ್ಕೆ ಏನು ದೊರೆಯುತ್ತದೆ, ಕಂದಾಯ ಎಷ್ಟು ಬರಬಹುದು ಎಂಬ ಲೆಕ್ಕಾಚಾರ ಅದರ ಹಿಂದೆ ಇತ್ತು. ಬುಕಾನನ್ ಅವರು ಪ್ರಾಮಾಣಿಕ ವಿಜ್ಞಾನಿಯಾಗಿದ್ದರು, ಅದರ ಜೊತೆಗೇ ಕಂಪನಿಯ ನೌಕರರೂ ಆಗಿದ್ದರು.

1800ರ ಏಪ್ರಿಲ್ 23ರಂದು ಅವರು ಮದರಾಸಿನಿಂದ ಹೊರಟು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವನ್ನು ತಲುಪಿದರು. ಅಲ್ಲಿಂದ ಬೆಂಗಳೂರು, ದೊಡ್ಡಬಳ್ಳಾಪುರ, ಶಿರಾ ಸುತ್ತಿ ಮರಳಿ ಶ್ರೀರಂಗಪಟ್ಟಣಕ್ಕೆ ಬಂದರು. ಬಳಿಕ ಕಾವೇರಿಯ ದಕ್ಷಿಣದ ಸೀಮೆ, ಕೊಯಮತ್ತೂರು, ಮಲಬಾರು, ತುಳುನಾಡು, ಉತ್ತರ ಕೆನರಾ, ಸೋಂದಾ, ನಗರ, ಚಿತ್ರದುರ್ಗಗಳನ್ನು ಹಾದು ಮತ್ತೆ ಶ್ರೀರಂಗಪಟ್ಟಣದ ಮೂಲಕ 1801ರ ಜುಲೈ 6ರಂದು ಮದರಾಸು ಸೇರಿದರು. ಒಟ್ಟು 14 ತಿಂಗಳಿಗೂ ಹೆಚ್ಚು ಕಾಲದ ಪಯಣ ಅದು.

ರೈತರು ಹೇಳಿಕೊಟ್ಟ ಮಣ್ಣು ಮತ್ತು ನೀರಿನ ಪಾಠ

ಬುಕಾನನ್ ಅವರಿಗೆ ಕನ್ನಡ ಬರುತ್ತಿರಲಿಲ್ಲ. ದುಭಾಷಿಗಳ ಮೂಲಕ ಗೌಡರನ್ನು, ಶಾನುಭೋಗರನ್ನು, ಬೇಸಾಯಗಾರರನ್ನು ಕರೆಸಿ ಕೇಳುತ್ತಿದ್ದರು. ಆದರೆ ಅವರಲ್ಲಿ ಒಂದು ಒಳ್ಳೆಯ ಗುಣವಿತ್ತು. ರೈತರು ಬಳಸಿದ ಪದವನ್ನು ಬಿಟ್ಟು ಇಂಗ್ಲಿಷ್ ಪದವನ್ನಷ್ಟೇ ಬರೆದುಕೊಂಡು ಮುಂದೆ ಹೋಗುತ್ತಿರಲಿಲ್ಲ. ಕಿವಿಗೆ ಕೇಳಿದಂತೆ ಆ ಪದವನ್ನೇ ಬರೆದುಕೊಳ್ಳುತ್ತಿದ್ದರು. ಎರೆ, ಕೆಬ್ಬೆ, ಮರಳು ಎಂಬ ಮಣ್ಣಿನ ಹೆಸರುಗಳು, ಕೂರಿಗೆ, ಕುಂಟೆ ಮೊದಲಾದ ಸಲಕರಣೆಗಳು, ಹೈನು, ಕಾರು ಎಂಬ ಭತ್ತದ ಹಂಗಾಮುಗಳು ಹೀಗೆಯೇ ಅವರ ಪುಸ್ತಕಕ್ಕೆ ಬಂದವು. ಸಲಕರಣೆಗಳ ಚಿತ್ರಗಳನ್ನೂ ಬರೆಯಿಸಿ ಅಚ್ಚು ಹಾಕಿಸಿದರು.

ಶ್ರೀರಂಗಪಟ್ಟಣದ ಸುತ್ತ ಭತ್ತವನ್ನು ಮೂರು ವಿಧದಲ್ಲಿ ಬೆಳೆಯುವುದನ್ನು ಅವರು ದಾಖಲಿಸಿದರು. ಒಣ ಬೀಜವನ್ನು ನೇರವಾಗಿ ಬಿತ್ತುವುದು ಒಂದು, ಮೊಳಕೆ ಬರಿಸಿದ ಬೀಜವನ್ನು ಕೆಸರಿನಲ್ಲಿ ಚೆಲ್ಲುವುದು ಇನ್ನೊಂದು, ಸಸಿ ಕಿತ್ತು ನಾಟಿ ಮಾಡುವುದು ಮೂರನೆಯದು. ಇಂದು ನೀರು ಮತ್ತು ಕೂಲಿಯನ್ನು ಉಳಿಸಲು ನಾವು ನೇರ ಬಿತ್ತನೆ ಭತ್ತವನ್ನು, ಮೊಳಕೆ ಬೀಜಕ್ಕೆ ಡ್ರಮ್ ಸೀಡರನ್ನು ಶಿಫಾರಸು ಮಾಡುತ್ತೇವೆ. ಕಳೆ ನಿರ್ವಹಣೆಯ ವಿಧಾನ ಮತ್ತು ಯಂತ್ರ ಹೊಸವು. ಬಿತ್ತನೆಯ ತತ್ತ್ವವನ್ನು ಮಾತ್ರ ಕಾವೇರಿ ಬಯಲಿನ ರೈತರು ಇನ್ನೂರು ವರ್ಷಗಳಿಗೂ ಹಿಂದೆಯೇ ಬಲ್ಲವರಾಗಿದ್ದರು.

ನೀರಿನ ವಿಷಯದಲ್ಲೂ ಹಾಗೆಯೇ. ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ, ಇಳಿಜಾರಿನ ಅಂಚಿನಲ್ಲೇ ಬಹುದೂರ ಹರಿಸುವ ನಾಲೆಗಳನ್ನು ಅವರು ಕಾವೇರಿ ಬಯಲಿನಲ್ಲಿ ಕಂಡರು. ಚಿಕ್ಕದೇವರಾಜ ಸಾಗರ ನಾಲೆಯಂತಹ ಹಳೆಯ ನಾಲೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ಮೇಲುಕೋಟೆ, ತೊಣ್ಣೂರು ಕೆರೆಗಳ ಕಡೆಗೂ ಅವರು ಹೋಗಿದ್ದರು. ಕಣದಲ್ಲಿ ರಾಶಿ ಹಂಚುವ ಪದ್ಧತಿಯನ್ನು ಅವರು ಬಹು ವಿವರವಾಗಿ ಬರೆದರು. ದೇವರಿಗೆ, ಗೌಡರಿಗೆ, ಶಾನುಭೋಗರಿಗೆ, ತಳವಾರನಿಗೆ, ಕಮ್ಮಾರ, ಬಡಗಿ, ಅಗಸರಿಗೆ ಪಾಲು ಸಲ್ಲುತ್ತಿತ್ತು. ಅವರ ಸಾಲಿನಲ್ಲೇ ನೀರುಗಂಟಿಗೂ ಪಾಲಿತ್ತು. ಕೆರೆಯ ತೂಬು ತೆರೆದು ಮುಚ್ಚುವವನ ಜೀವನ ಊರಿನ ಬೆಳೆಯೊಡನೆ ಬೆಸೆದುಕೊಂಡಿತ್ತು. ಬೆಳೆ ಬಾರದಿದ್ದರೆ ಅವನಿಗೂ ಪಾಲಿಲ್ಲ. ಇಂದು ನೀರು ಬಳಕೆದಾರರ ಸಂಘಗಳನ್ನು ಕಟ್ಟುವ ವಿಸ್ತರಣಾ ಕಾರ್ಯಕರ್ತರು ಈ ಅಂಶವನ್ನು ಗಮನಿಸಬೇಕು. ಕಾಲುವೆಯ ಕೊನೆಯ ಗದ್ದೆಗೆ ನೀರು ತಲುಪುವುದರಲ್ಲಿ ಹಂಚುವವನಿಗೂ ಲಾಭವಿರುವಂತೆ ಹಿಂದಿನವರು ವ್ಯವಸ್ಥೆ ಮಾಡಿದ್ದರು.

ತಗ್ಗಿನ ಚೌಳು ನೆಲಗಳಲ್ಲಿ ಬೇಸಗೆಯಲ್ಲಿ ಮೇಲ್ಮಣ್ಣನ್ನು ಕೆರೆದು, ನೀರಿನಲ್ಲಿ ಬಸಿದು ಉಪ್ಪು ತೆಗೆಯುವ ಉಪ್ಪಾರರ ಕಸುಬನ್ನೂ ಬುಕಾನನ್ ಅವರು ಕಂಡು ಬರೆದರು. ಭೂವಿಜ್ಞಾನದ ದೃಷ್ಟಿಯಿಂದ ಇದು ಮುಖ್ಯ. ಮೇಲ್ನೆಲದ ಶಿಲೆ ಕೊಳೆತು ಬಿಡುಗಡೆಯಾದ ಲವಣ ನೀರಿನೊಡನೆ ತಗ್ಗಿಗೆ ಇಳಿಯುತ್ತದೆ, ಬಿಸಿಲಿಗೆ ನೀರು ಆವಿಯಾದಾಗ ಮೇಲ್ಪದರದಲ್ಲಿ ಉಳಿಯುತ್ತದೆ. ನಾಲೆ ನೀರು ಹೆಚ್ಚಾಗಿ, ಬಸಿಯಲು ದಾರಿಯಿಲ್ಲದ ಕಡೆ ಇಂದಿಗೂ ನಡೆಯುವುದು ಇದೇ. ನಿಮ್ಮ ಗದ್ದೆಯಲ್ಲಿ ಬಿಳಿಯ ಪೊರೆ ಕಂಡರೆ ಮೊದಲು ಬಸಿಗಾಲುವೆಯ ಕಡೆ ನೋಡಿ. ಮಣ್ಣು ಪರೀಕ್ಷೆಯಲ್ಲಿ ಅದು ಕ್ಷಾರ ಮಣ್ಣೆಂದು ಖಚಿತವಾದರೆ ಮಾತ್ರ ಜಿಪ್ಸಂ ಹಾಕಿ. ಕೇವಲ ಲವಣದ ಸಮಸ್ಯೆಯಾದರೆ ಜಿಪ್ಸಂನಿಂದ ಪ್ರಯೋಜನವಿಲ್ಲ, ಒಳ್ಳೆಯ ನೀರು ಹಾಯಿಸಿ ಲವಣವನ್ನು ಬಸಿದು ಹೊರಗೆ ಕಳುಹಿಸಬೇಕು.

ಎಲ್ಲಿ ತಪ್ಪಿದರು

ಮೈಸೂರು ಸೀಮೆಯ ಒಣ ಬೇಸಾಯದಲ್ಲಿ ರಾಗಿಯೇ ಪ್ರಧಾನವೆಂದು ಅವರು ಗುರುತಿಸಿದರು. ಕೂರಿಗೆಯಲ್ಲಿ ರಾಗಿ ಬಿತ್ತುವಾಗ ನಡುನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕುವುದನ್ನೂ, ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡುವುದನ್ನೂ ದಾಖಲಿಸಿದರು. ಇವೆಲ್ಲ ಅವರ ನಿಷ್ಠೆಯನ್ನು ತೋರಿಸುತ್ತವೆ.

ಆದರೆ ಕಂಡುದನ್ನು ಅಳೆಯಲು ಹೊರಟಾಗ ಅವರ ಕೈಯಲ್ಲಿದ್ದುದು ಸ್ವದೇಶದ ಅಳತೆಗೋಲು. ನಮ್ಮ ನೇಗಿಲು ಆಳಕ್ಕೆ ಹೋಗುವುದಿಲ್ಲ, ಮಣ್ಣನ್ನು ಮಗುಚುವುದಿಲ್ಲ, ಹಲವು ಬಾರಿ ಉತ್ತರೂ ಕಳೆ ಉಳಿಯುತ್ತದೆ ಎಂಬುದು ಅವರ ಆಕ್ಷೇಪದ ಸಾರ. ಕಳೆಯ ಮಾತಿನಲ್ಲಿ ಸತ್ಯಾಂಶವಿತ್ತು. ನೇಗಿಲಿನ ವಿಷಯದಲ್ಲಿ ಮಾತ್ರ ನಾವು ಎಚ್ಚರದಿಂದ ತೀರ್ಮಾನಿಸಬೇಕು. ಸ್ಕಾಟ್ಲೆಂಡಿನ ನೆಲ ತಂಪು, ತೇವ ಹೆಚ್ಚು. ಅಲ್ಲಿ ಮಣ್ಣನ್ನು ಮಗುಚಿ ಗಾಳಿಯಾಡಿಸುವುದು ಅಗತ್ಯ. ನಮ್ಮ ಕೆಂಪು ಮಣ್ಣು ಹಲವೆಡೆ ತೆಳು, ಕೆಳಗೆ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಕೊಳೆತ ಪದರ. ಎರಡು ಮಳೆಗಳ ನಡುವಿನ ಅಲ್ಪ ತೇವವನ್ನು ಕಾಪಾಡುವುದೇ ಇಲ್ಲಿನ ಬೇಸಾಯದ ಮುಖ್ಯ ಗುಟ್ಟು. ಮಣ್ಣನ್ನು ಪದೇ ಪದೇ ಮಗುಚಿದರೆ ಆ ತೇವ ಆರಿಹೋಗುತ್ತದೆ. ಒಣಭೂಮಿಯಲ್ಲಿ ಅನಗತ್ಯ ಉಳುಮೆಯನ್ನು ಕಡಿಮೆ ಮಾಡಿರೆಂದು ಇಂದು ಕೃಷಿ ವಿಜ್ಞಾನವೇ ಹೇಳುತ್ತಿದೆ.

ಅಕ್ಕಡಿಯ ಮಹತ್ವವನ್ನೂ ನಾವು ಈಗ ಹೆಚ್ಚು ಸ್ಪಷ್ಟವಾಗಿ ಬಲ್ಲೆವು. ರಾಗಿಯ ಬೇರು ಮೇಲ್ಪದರದ ತೇವವನ್ನು ಹೀರಿದರೆ ತೊಗರಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ದ್ವಿದಳ ಬೆಳೆಯ ಬೇರುಗಂಟುಗಳು ವಾಯುವಿನ ಸಾರಜನಕವನ್ನು ಸ್ಥಿರೀಕರಿಸುತ್ತವೆ. ಹಿಂಗಾರಿನ ಕೊನೆಯಲ್ಲಿ ಅವರೆ ಇಬ್ಬನಿಯ ಕಾಲವನ್ನು ಬಳಸಿಕೊಂಡು ಕಾಯಿ ಕಟ್ಟುತ್ತದೆ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಮನೆಗೆ ಒಂದಿಷ್ಟು ಕಾಳು ಬರುತ್ತದೆ. ಇದನ್ನು ಕಂಡುಕೊಂಡ ರೈತರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಇಳುವರಿಯ ಲೆಕ್ಕ ಮತ್ತು ರೈತನ ಭಯ

ಬುಕಾನನ್ ಅವರಿಗೆ ಬಹಳ ತೊಡಕಾದುದು ಇಳುವರಿಯ ಲೆಕ್ಕ. ಅಂದು ಭೂಮಿಯ ವಿಸ್ತಾರವನ್ನು ಬಿತ್ತನೆಯ ಬೀಜದಿಂದ ಹೇಳುತ್ತಿದ್ದರು. ಇಷ್ಟು ಕೊಳಗದ ಭೂಮಿ, ಇಷ್ಟು ಖಂಡುಗದ ಭೂಮಿ ಎಂಬುದು ರೂಢಿ. ಆದರೆ ಖಂಡುಗದ ಅಳತೆ ಊರಿಂದೂರಿಗೆ ಬೇರೆ, ಗದ್ದೆಗೂ ಹೊಲಕ್ಕೂ ಬೇರೆ. ಹೀಗಾಗಿ ಅವರು ಕೆಲವು ಹೊಲಗದ್ದೆಗಳನ್ನು ತಾವೇ ಅಳೆಯಿಸಿ ಹೋಲಿಸಿ ನೋಡಿದರು. ರೈತರು ಹೇಳಿದ ಅಂಕಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಇಳುವರಿಯನ್ನು ಬೇಕೆಂದೇ ಕಡಿಮೆ ಹೇಳುತ್ತಿದ್ದಾರೆಂಬ ಸಂಶಯ ಅವರನ್ನು ಉದ್ದಕ್ಕೂ ಕಾಡಿತು.

ಆ ರೈತರ ಸ್ಥಾನದಲ್ಲಿ ನಿಂತು ಆಲೋಚಿಸಿ ನೋಡಿ. ಹತ್ತು ವರ್ಷಗಳಲ್ಲಿ ಎರಡು ಬಾರಿ ಸೈನ್ಯಗಳು ಅವರ ಹೊಲ ತುಳಿದುಹೋಗಿದ್ದವು. ದಂಡಿನ ಹಿಂದೆ ಬಂದವರು ದನಗಳನ್ನೂ ಕಾಳನ್ನೂ ಒಯ್ದಿದ್ದರು. ಈಗ ಗೆದ್ದವರ ಕಡೆಯ ಅಧಿಕಾರಿಯೊಬ್ಬರು ಡೇರೆ ಹಾಕಿ ಕುಳಿತು ನಿನ್ನ ಹೊಲದಲ್ಲಿ ಎಷ್ಟು ಬೆಳೆಯುತ್ತದೆ ಎಂದು ಕೇಳುತ್ತಿದ್ದಾರೆ. ನಿಜ ಹೇಳಿದರೆ ಕಂದಾಯ ಏರಬಹುದು. ಆ ಸ್ಥಿತಿಯಲ್ಲಿ ನಾವಾಗಿದ್ದರೂ ಕಡಿಮೆಯನ್ನೇ ಹೇಳುತ್ತಿದ್ದೆವು.

ನಾನು ಸೇವೆಗೆ ಸೇರಿದ ಹೊಸದರಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದಕ್ಕೆ ರಾಗಿ ಇಳುವರಿಯ ಮಾಹಿತಿಗಾಗಿ ಹೋಗಿದ್ದೆ. ಹಿರಿಯ ರೈತರೊಬ್ಬರು ನನ್ನ ಪ್ರಶ್ನೆಗೆ ಉತ್ತರಿಸುವ ಮೊದಲು, ಈ ಕಾಗದ ಯಾರ ಕೈಗೆ ಹೋಗುತ್ತದೆಂದು ವಿಚಾರಿಸಿದರು. ವಿವರಿಸಿ ಹೇಳಿದ ಬಳಿಕ ಅವರು ಕೊಟ್ಟ ಅಂಕಿ, ಪಕ್ಕದವರು ಅವಸರದಲ್ಲಿ ಕೊಟ್ಟುದಕ್ಕಿಂತ ಹೆಚ್ಚಾಗಿತ್ತು. ಕಣದಲ್ಲಿ ತೂಗಿ ನೋಡಿದಾಗ ಅದೇ ಸರಿಯೆಂದು ತಿಳಿಯಿತು. ಬುಕಾನನ್ ಅವರ ಸಂಶಯವನ್ನು ಓದುವಾಗಲೆಲ್ಲ ನನಗೆ ಆ ಹಿರಿಯರ ನೆನಪಾಗುತ್ತದೆ. ಅಂಕಿ ತಪ್ಪಾಗಿದ್ದರೆ ರೈತನ ಪ್ರಾಮಾಣಿಕತೆಯನ್ನು ಶಂಕಿಸುವ ಮೊದಲು, ಕೇಳಿದವರು ತಮ್ಮ ಉದ್ದೇಶವನ್ನು ತಿಳಿಸಿದ್ದರೇ ಎಂದು ನೋಡಬೇಕು.

ಕಾಡಂಚಿನ ಊರುಗಳು

ಕಾವೇರಿಯ ದಕ್ಷಿಣದ ಪಯಣದಲ್ಲಿ ಅವರು ಮೈಸೂರನ್ನೂ ಕಂಡರು. ಟಿಪ್ಪುವಿನ ಕಾಲದಲ್ಲಿ ಕೆಡವಲಾಗಿದ್ದ ಕೋಟೆಯನ್ನು ಹೊಸ ಆಡಳಿತ ಮತ್ತೆ ಕಟ್ಟಿಸುತ್ತಿದ್ದ ಕಾಲ ಅದು. ಪಿರಿಯಾಪಟ್ಟಣಕ್ಕೆ ಹೋದಾಗ ಕಂಡ ದೃಶ್ಯ ಬೇರೆ. ಯುದ್ಧದಲ್ಲಿ ಹಾಳಾದ ಕೋಟೆಯ ಒಳಗೆ ಜನರಿರಲಿಲ್ಲ, ಹುಲಿಗಳು ಆ ಪಾಳುಗಳನ್ನು ನೆಲೆ ಮಾಡಿಕೊಂಡಿದ್ದವು. ಹೆಗ್ಗಡದೇವನಕೋಟೆಯ ಕಡೆ ಆನೆಗಳಿಂದ ಬೆಳೆಹಾನಿಯಾಗುವುದನ್ನೂ ಅವರು ಬರೆದರು.

ಇದನ್ನು ಕೇವಲ ಬೇಟೆಗಾರರ ಕಥೆಯಂತೆ ಅವರು ಹೇಳಲಿಲ್ಲ. ಯುದ್ಧದಿಂದ ಜನ ಊರು ಬಿಟ್ಟರು, ಹೊಲ ಬೀಳುಬಿತ್ತು, ಪೊದೆ ಬೆಳೆಯಿತು, ವನ್ಯಪ್ರಾಣಿಗಳು ಮುಂದೆ ಬಂದವು. ನೆಲದ ಬಳಕೆ ಬದಲಾದರೆ ವನ್ಯಪ್ರಾಣಿಗಳ ನಡೆಯೂ ಬದಲಾಗುತ್ತದೆ ಎಂಬ ಪಾಠವನ್ನು ಅವರ ವಿವರಗಳಿಂದ ನಾವು ಪಡೆಯಬಹುದು. ನಾಗರಹೊಳೆ, ಬಂಡೀಪುರದ ಅಂಚಿನಲ್ಲಿ ರಾತ್ರಿ ಅಟ್ಟಣೆಯ ಮೇಲೆ ಬೆಳೆ ಕಾಯುವ ಬಾಂಧವರಿಗೆ ಈ ಮಾತು ಹೊಸದಲ್ಲ. ಕಾಡಂಚಿನ ಭೂಮಿಯಲ್ಲಿ ಯಾವ ಬೆಳೆಯನ್ನು ಆರಿಸುತ್ತೇವೆ, ಯಾವುದನ್ನು ಪಾಳು ಬಿಡುತ್ತೇವೆ ಎಂಬುದು ಈ ಸಂಘರ್ಷವನ್ನು ಹೆಚ್ಚಿಸಬಹುದು ಅಥವಾ ತಗ್ಗಿಸಬಹುದು.

ಅಂಗಡಿಪುರದ ಕಲ್ಲು, ಕರಾವಳಿಯ ಗದ್ದೆ

ಕೊಯಮತ್ತೂರು, ಪಾಲಕ್ಕಾಡುಗಳನ್ನು ದಾಟಿ 1800ರ ಡಿಸೆಂಬರಿನಲ್ಲಿ ಅವರು ಮಲಬಾರಿನ ಅಂಗಡಿಪುರಕ್ಕೆ ಬಂದರು. ಅಲ್ಲಿ ಜನ ನೆಲದಿಂದ ಒಂದು ಬಗೆಯ ಕೆಂಪು ಕಲ್ಲನ್ನು ಕತ್ತರಿಸಿ ತೆಗೆಯುತ್ತಿದ್ದರು. ನೆಲದಲ್ಲಿರುವಾಗ ಅದು ಮೆದು, ಕಬ್ಬಿಣದ ಸಲಕರಣೆಯಿಂದ ಸುಲಭವಾಗಿ ಚೌಕಾಕಾರಕ್ಕೆ ಕತ್ತರಿಸಬಹುದು. ಗಾಳಿಗೆ ಬಿಟ್ಟರೆ ಗಟ್ಟಿಯಾಗಿ, ಸುಟ್ಟ ಇಟ್ಟಿಗೆಗಿಂತ ಚೆನ್ನಾಗಿ ಮಳೆಯನ್ನು ತಾಳಿಕೊಳ್ಳುತ್ತದೆ. ಇಲ್ಲಿನ ಜನ ಇದನ್ನು ಇಟ್ಟಿಗೆ ಕಲ್ಲು ಎಂದು ಕರೆಯುತ್ತಾರೆಂದು ಅವರು ಗುರುತಿಸಿಕೊಂಡರು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ‘ಲೇಟರ್’ ಎಂಬ ಪದವಿದೆ. ಅದರಿಂದ ‘ಲ್ಯಾಟರೈಟ್’ ಎಂಬ ಹೆಸರನ್ನು ರೂಪಿಸಿದರು.

ಜಗತ್ತಿನ ಎಲ್ಲ ಭೂವಿಜ್ಞಾನಿಗಳೂ ಮಣ್ಣು ವಿಜ್ಞಾನಿಗಳೂ ಇಂದು ಬಳಸುವ ಈ ಪದ, ನಮ್ಮ ಕಡೆಯ ಕಲ್ಲುಕುಟಿಗರ ಮಾತಿನ ಲ್ಯಾಟಿನ್ ರೂಪವೇ ಆಗಿದೆ. ಕನ್ನಡದ ‘ಜಂಬಿಟ್ಟಿಗೆ’ ಎಂಬ ಪದದಲ್ಲೂ ಇಟ್ಟಿಗೆ ಅಡಗಿದೆ. ಅಂಗಡಿಪುರದ ಆ ಸ್ಥಳ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಈ ಶಿಲೆ ಹೇಗೆ ರೂಪುಗೊಳ್ಳುತ್ತದೆಂದು ತಿಳಿದರೆ ನಿಮ್ಮ ತೋಟಕ್ಕೆ ಏನು ಬೇಕೆಂಬುದೂ ತಿಳಿಯುತ್ತದೆ. ಭಾರೀ ಮಳೆ ಮತ್ತು ಬಿಸಿಲು ಬಹುಕಾಲ ಒಂದರ ಹಿಂದೆ ಒಂದು ಬಂದಾಗ ಶಿಲೆಯಲ್ಲಿನ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಮತ್ತು ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿಯುತ್ತವೆ. ಆದುದರಿಂದ ಈ ಮಣ್ಣು ಆಮ್ಲೀಯ, ಹಾಕಿದ ರಂಜಕವನ್ನು ಬಿಗಿಹಿಡಿದು ಬೆಳೆಗೆ ಸಿಗದಂತೆ ಮಾಡುತ್ತದೆ. ಮಣ್ಣು ಪರೀಕ್ಷೆಯ ಆಧಾರದಲ್ಲಿ ಸುಣ್ಣ, ಧಾರಾಳವಾಗಿ ಹಸಿರೆಲೆ ಮತ್ತು ಕೊಟ್ಟಿಗೆ ಗೊಬ್ಬರ, ಪೊಟ್ಯಾಷನ್ನು ಕಂತುಗಳಲ್ಲಿ ಕೊಡುವುದು ಇದಕ್ಕೆ ಪರಿಹಾರ.

1801ರ ಆರಂಭದಲ್ಲಿ ಅವರು ತುಳುನಾಡಿಗೆ ಬಂದು ಕರಾವಳಿಯುದ್ದಕ್ಕೂ ಉತ್ತರಕ್ಕೆ ಸಾಗಿದರು. ಅಲ್ಲಿಯೂ ರೈತರ ವರ್ಗೀಕರಣವನ್ನೇ ಬರೆದುಕೊಂಡರು. ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಎಂಬ ಗದ್ದೆಗಳು, ಏಣೆಲು, ಸುಗ್ಗಿ, ಕೊಳಕೆ ಎಂಬ ಬೆಳೆಗಳು ಅವರ ದಿನಚರಿಯಲ್ಲಿವೆ. ಭೂಮಿಯ ಎತ್ತರವನ್ನೂ ನೀರು ನಿಲ್ಲುವ ಕಾಲವನ್ನೂ ಸೇರಿಸಿ ಮಾಡಿದ ಈ ವಿಂಗಡಣೆಯನ್ನು ಇಂದಿಗೂ ನಾವು ತಳಿ ಶಿಫಾರಸಿಗೆ ಬಳಸುತ್ತಿದ್ದೇವೆ. ಘಟ್ಟ ಹತ್ತಿದ ಬಳಿಕ ಸೋಂದಾ ಸೀಮೆಯ ಅಡಿಕೆ, ಮೆಣಸಿನ ತೋಟಗಳನ್ನು ಅಷ್ಟೇ ಶ್ರದ್ಧೆಯಿಂದ ವಿವರಿಸಿದರು.

ನಂತರದ ಬದುಕು

ಮೈಸೂರಿನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ವಿಷಯವಾರು ಜೋಡಿಸದೆ, ದಿನವಾರು ಬರೆದುದನ್ನೇ ಅಚ್ಚು ಹಾಕಿದ್ದರಿಂದ ಓದಲು ಶ್ರಮವಾಗುತ್ತದೆ. ಆದರೆ ಯಾವ ದಿನ, ಯಾವ ಊರಿನಲ್ಲಿ, ಯಾವ ಬೆಳೆ ಎಂಬುದು ಹಾಗೆಯೇ ಉಳಿದುದರಿಂದ ಚರಿತ್ರಕಾರರಿಗೂ ಕೃಷಿ ಸಂಶೋಧಕರಿಗೂ ಅದು ಅಮೂಲ್ಯ ಆಕರವಾಗಿದೆ.

ಈ ನಡುವೆ ಅವರು 1802ರಿಂದ 1803ರವರೆಗೆ ನೇಪಾಳದಲ್ಲಿದ್ದರು. ಬಳಿಕ ಕಲ್ಕತ್ತೆಯ ಬಳಿಯ ಬ್ಯಾರಕ್‌ಪುರದಲ್ಲಿ ವೆಲ್ಲೆಸ್ಲಿ ಸ್ಥಾಪಿಸಿದ ಪ್ರಾಣಿಸಂಗ್ರಹದ ಹೊಣೆ ಹೊತ್ತರು. 1807ರಿಂದ 1814ರವರೆಗೆ ಬಂಗಾಳ ಮತ್ತು ಬಿಹಾರದ ಜಿಲ್ಲೆಗಳ ದೊಡ್ಡ ಸಮೀಕ್ಷೆ ನಡೆಸಿದರು. ಗಂಗೆ ಮತ್ತು ಅದರ ಉಪನದಿಗಳ ದಂಡೆಯಲ್ಲಿ ಬೆಸ್ತರ ಬಲೆಗೆ ಬಿದ್ದ ಮೀನುಗಳನ್ನು ನೋಡಿ, ಸ್ಥಳೀಯ ಕಲಾವಿದರಿಂದ ಚಿತ್ರ ಬರೆಯಿಸಿದರು. 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಅಧೀಕ್ಷಕರಾದರು. ಮರುವರ್ಷ ಅನಾರೋಗ್ಯದಿಂದ ಸ್ವದೇಶಕ್ಕೆ ಹೊರಟಾಗ, ಅವರು ವರ್ಷಗಳ ಕಾಲ ಸಂಗ್ರಹಿಸಿದ್ದ ಚಿತ್ರಗಳನ್ನು ಗವರ್ನರ್ ಜನರಲ್ ಅವರ ಆಜ್ಞೆಯಂತೆ ಇಲ್ಲಿಯೇ ಹಿಡಿದಿಡಲಾಯಿತು.

ಆದರೂ 1822ರಲ್ಲಿ ಗಂಗಾ ನದಿಯ ಮೀನುಗಳ ಕುರಿತ ಗ್ರಂಥವನ್ನು ಹೊರತಂದರು. ವಿಜ್ಞಾನಕ್ಕೆ ಹೊಸದಾದ ನೂರಕ್ಕೂ ಹೆಚ್ಚು ಮೀನುಗಳು ಅದರಲ್ಲಿದ್ದವು. ಕಾಟ್ಲಾ, ರೋಹಿತ, ಮೃಗಾಲ ಎಂಬ ಹೆಸರುಗಳನ್ನು ಅವರು ಹೊಸದಾಗಿ ಕಲ್ಪಿಸಲಿಲ್ಲ, ಆ ಭಾಗದ ಜನರ ಬಾಯಲ್ಲಿದ್ದ ಹೆಸರುಗಳನ್ನೇ ವಿಜ್ಞಾನಕ್ಕೆ ಸೇರಿಸಿದರು. ಇಂದು ಈ ಮೂರು ಮೀನುಗಳನ್ನು ಕರ್ನಾಟಕದ ಕೆರೆಗಳಲ್ಲಿ ಒಟ್ಟಿಗೆ ಸಾಕುತ್ತೇವೆ. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಆಹಾರ ಹುಡುಕುವುದರಿಂದ ಒಂದೇ ಹೊಂಡದಲ್ಲಿ ಮೂರಕ್ಕೂ ಆಹಾರ ಸಿಗುತ್ತದೆ.

1818ರಲ್ಲಿ ತಾಯಿಯ ಆಸ್ತಿಗೆ ಹಕ್ಕುದಾರರಾದಾಗ ಅವರು ಹ್ಯಾಮಿಲ್ಟನ್ ಎಂಬ ಹೆಸರನ್ನು ಸ್ವೀಕರಿಸಿದರು. ಮೀನುಗಳ ವೈಜ್ಞಾನಿಕ ಹೆಸರಿನ ಮುಂದೆ ಹ್ಯಾಮಿಲ್ಟನ್ ಎಂದಿರುವುದು ಇದೇ ಕಾರಣಕ್ಕೆ. ಪಾಯಸಕ್ಕೆ ಹಾಕುವ ಚಾರೋಳಿ ಬೀಜ ಕೊಡುವ ಮರದ ಕುಲಕ್ಕೆ ಸಸ್ಯವಿಜ್ಞಾನಿಗಳು ಬುಕನಾನಿಯ ಎಂದು ಅವರ ಮೊದಲಿನ ಹೆಸರನ್ನೇ ಇಟ್ಟಿದ್ದಾರೆ. 1829ರ ಜೂನ್ 15ರಂದು ಅವರು ನಿಧನರಾದರು. ಬಂಗಾಳ ಸಮೀಕ್ಷೆಯ ಹಸ್ತಪ್ರತಿಗಳು ಅವರ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. 1838ರಲ್ಲಿ ಅವುಗಳ ಸ್ವಲ್ಪ ಭಾಗವನ್ನು ಮತ್ತೊಬ್ಬರು ಸಂಕ್ಷೇಪಿಸಿ ಹೊರತಂದಾಗ, ಮುಖಪುಟದಲ್ಲಿ ಇದ್ದುದು ಆ ಸಂಪಾದಕರ ಹೆಸರು. ಸಾವಿರಾರು ರೈತರಿಂದ ಕೇಳಿ ಬರೆದುಕೊಂಡು ಅವರ ಹೆಸರುಗಳನ್ನು ಬಿಟ್ಟಿದ್ದ ಬುಕಾನನ್ ಅವರ ಹೆಸರನ್ನು ಕೊನೆಗೆ ಇನ್ನೊಬ್ಬರು ಬಿಟ್ಟರು.

ನಮಗೆ ಉಳಿದ ಕರ್ತವ್ಯ

ವಿಸ್ತರಣಾ ಕಾರ್ಯಕರ್ತರೇ, ನೀವು ಮೊಬೈಲ್ ಹಿಡಿದು ಬೆಳೆ ಸಮೀಕ್ಷೆಗೆ ಹೊಲಕ್ಕೆ ಹೋದಾಗ, ಮಾಹಿತಿ ಏತಕ್ಕೆ ಮತ್ತು ಅದು ಎಲ್ಲಿಗೆ ಹೋಗುತ್ತದೆಂಬುದನ್ನು ಮೊದಲು ತಿಳಿಸಿ. ರೈತರು ಮಣ್ಣಿಗೆ, ಕಳೆಗೆ, ಕೀಟಕ್ಕೆ, ತಳಿಗೆ ಬಳಸುವ ಊರಿನ ಹೆಸರನ್ನು ವೈಜ್ಞಾನಿಕ ಹೆಸರಿನ ಪಕ್ಕದಲ್ಲಿ ಬರೆದಿಡಿ. ತಳಿಯನ್ನೋ ಪದ್ಧತಿಯನ್ನೋ ಉಳಿಸಿಕೊಂಡು ಬಂದವರು ಒಪ್ಪಿದರೆ ಅವರ ಹೆಸರನ್ನೂ ದಾಖಲಿಸಿ. ಕಲೆಹಾಕಿದ ಫಲಿತಾಂಶವನ್ನು ಮರಳಿ ಅದೇ ಊರಿಗೆ ತಲುಪಿಸಿ.

ರೈತ ಬಾಂಧವರೇ, ನಿಮ್ಮ ಊರಿನಲ್ಲಿ ಹಳೆಯ ಮಣ್ಣಿನ ಹೆಸರುಗಳನ್ನು, ನಾಲೆ ಮತ್ತು ತೂಬುಗಳ ಹೆಸರುಗಳನ್ನು ಬಲ್ಲ ಹಿರಿಯರು ಇನ್ನೂ ಇರಬಹುದು. ಮುಂದಿನ ಬಿತ್ತನೆಯ ಮೊದಲು ಅವರೊಡನೆ ಹೊಲದ ಸುತ್ತ ಒಂದು ಸುತ್ತು ನಡೆಯಿರಿ, ಹೇಳಿದ್ದನ್ನು ಬರೆದುಕೊಳ್ಳಿ. ಮಣ್ಣು ಪರೀಕ್ಷೆಗೆ ಮಾದರಿ ತರುವಾಗ ಆ ಹೆಸರನ್ನೂ ಚೀಟಿಯಲ್ಲಿ ಬರೆದು ತನ್ನಿ. ಎರೆ ಎಂದೋ ಕೆಬ್ಬೆ ಎಂದೋ ಬರೆದ ಒಂದು ಪದದಿಂದ ನಿಮ್ಮ ಹೊಲದ ಬಗ್ಗೆ ನಮಗೆ ಬಹಳಷ್ಟು ತಿಳಿಯುತ್ತದೆ.